ಜ್ವಾಲಾಮುಖಿಯಿಂದ 28 ಕಿಲೋಮೀಟರ್ ದೂರದಲ್ಲಿ ಹೊಳೆದಂಡೆಯ ಮನೆ: ಕೆಸರು ಪ್ರವಾಹದ ಭಯ ಎಷ್ಟರ ಮಟ್ಟಿಗೆ ನಿಜ?

ಪ್ರಶ್ನೆ
ನಿವೃತ್ತ ಮಾಸ್ತರು, ಶಿರಸಿ

ನನ್ನ ಸೋದರಳಿಯನಿಗೆ ಇಂಡೋನೇಷ್ಯಾದ ಯೋಗ್ಯಕಾರ್ತಾ ನಗರದಲ್ಲಿ ಸಂಶೋಧನೆಯ ಅವಕಾಶ ದೊರೆತಿದ್ದು, ಹೆಂಡತಿ ಮತ್ತು ಚಿಕ್ಕ ಮಗುವಿನೊಂದಿಗೆ ಮುಂದಿನ ತಿಂಗಳು ಹೊರಡಲಿದ್ದಾನೆ. ಬಾಡಿಗೆಗೆ ಎರಡು ಮನೆಗಳನ್ನು ನೋಡಿಟ್ಟಿದ್ದಾನೆ. ಅವುಗಳಲ್ಲಿ ಒಂದು ನಗರದೊಳಗೆ, ಚೋಡೆ ಎಂಬ ಹೊಳೆಯ ದಂಡೆಗೆ ತಾಗಿಕೊಂಡೇ ಇದೆ. ಬಾಡಿಗೆ ಕಡಿಮೆ, ವಿಶ್ವವಿದ್ಯಾಲಯವೂ ಹತ್ತಿರ. ಮೆರಾಪಿ ಜ್ವಾಲಾಮುಖಿ ಅಲ್ಲಿಂದ ಉತ್ತರಕ್ಕೆ ಸುಮಾರು 28 ಕಿಲೋಮೀಟರ್ ದೂರದಲ್ಲಿದೆ. ಲಾವಾರಸ ಅಷ್ಟು ದೂರ ಹರಿದು ಬರುವುದಿಲ್ಲವಾದ್ದರಿಂದ ಚಿಂತೆಗೆ ಕಾರಣವಿಲ್ಲ ಎಂಬುದು ಅವನ ವಾದ.

ಆದರೆ ಜ್ವಾಲಾಮುಖಿಯ ಇಳಿಜಾರಿನಿಂದ ಕೆಸರು ಹೊಳೆಯಾಗಿ ಇಳಿದು ಊರುಗಳನ್ನೇ ಹೂಳಿದ ಸಂಗತಿಯನ್ನು ನಾನು ಓದಿದ್ದೇನೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯನ್ನು ದಾಟಿದ ಮಣ್ಣು ಗಂಗಾವಳಿಗೆ ಬಿದ್ದು, ಎದುರು ದಡದ ಉಳುವರೆಯ ಮನೆಗಳಿಗೂ ನೀರು ನುಗ್ಗಿದ್ದನ್ನು ಕಂಡ ನಮ್ಮ ಜಿಲ್ಲೆಯವರಿಗೆ ಮಣ್ಣು ಮತ್ತು ನೀರು ಒಂದಾದಾಗ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಜ್ವಾಲಾಮುಖಿಯ ಕೆಸರು ಪ್ರವಾಹವೂ ಇಂಥದ್ದೇ, ಅಥವಾ ಬೇರೆಯೇ? ಅದು ಬೆಟ್ಟ ಸಿಡಿದಾಗ ಮಾತ್ರ ಬರುತ್ತದೆಯೇ? 28 ಕಿಲೋಮೀಟರ್ ಅಂತರ ಸಾಕೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ
ಕಾಗೋಶಿಮಾದಲ್ಲಿದ್ದವ, ಹೊನ್ನಾವರ

ಮಾಸ್ತರೇ, ಅಷ್ಟೊಂದು ಗಾಬರಿಯಾಗುವ ಅಗತ್ಯವಿಲ್ಲ. ಜಪಾನಿನ ಕಾಗೋಶಿಮಾ ನಗರದಲ್ಲಿ ನಾನು ಕೆಲಸ ಮಾಡುತ್ತಿದ್ದಾಗ, ಸದಾ ಹೊಗೆಯಾಡುವ ಸಕುರಾಜಿಮಾ ಜ್ವಾಲಾಮುಖಿ ಕೊಲ್ಲಿಯ ಆಚೆಗೆ ಕೆಲವೇ ಕಿಲೋಮೀಟರ್ ದೂರದಲ್ಲಿ ಕಣ್ಣಿಗೆ ಕಾಣುತ್ತಿತ್ತು. ಬೂದಿ ಗುಡಿಸುವುದು ಬಿಟ್ಟರೆ ನಮಗೆ ಬೇರೆ ತೊಂದರೆಯಾಗಲಿಲ್ಲ. 28 ಕಿಲೋಮೀಟರ್ ಎಂದರೆ ಧಾರಾಳ ಅಂತರ.

ಉತ್ತರ
ಕಲ್ಲುಮಣ್ಣು, ಕಾರವಾರ

ಹೊನ್ನಾವರದವರ ಅನುಭವ ನಿಜವಿದ್ದರೂ ಅದನ್ನು ಇಲ್ಲಿಗೆ ಅನ್ವಯಿಸಲಾಗದು. ಕಾಗೋಶಿಮಾಕ್ಕೂ ಸಕುರಾಜಿಮಾಕ್ಕೂ ನಡುವೆ ಸಮುದ್ರವಿದೆ. ಆ ಬೆಟ್ಟದಿಂದ ಇಳಿಯುವ ಕೆಸರು ಕೊಲ್ಲಿಗೆ ಸೇರುತ್ತದೆಯೇ ಹೊರತು ನಗರಕ್ಕೆ ಬರುವ ದಾರಿಯೇ ಇಲ್ಲ. ಮೆರಾಪಿಗೂ ಯೋಗ್ಯಕಾರ್ತಾಕ್ಕೂ ನಡುವೆ ಇರುವುದು ಹೊಳೆ. ಮೆರಾಪಿಯ ದಕ್ಷಿಣ ಇಳಿಜಾರಿನಲ್ಲಿ ಬೊಯೊಂಗ್ ಎಂದು ಕರೆಸಿಕೊಳ್ಳುವ ಹೊಳೆಯೇ ನಗರದೊಳಗೆ ಚೋಡೆಯಾಗಿ ಹರಿಯುತ್ತದೆ. ಮಾಸ್ತರ ಅಳಿಯ ನೋಡಿರುವ ಮನೆ ಬೆಟ್ಟದಿಂದ 28 ಕಿಲೋಮೀಟರ್ ದೂರವಿರಬಹುದು, ಆದರೆ ಬೆಟ್ಟದ ನೀರು ಇಳಿದುಬರುವ ದಾರಿಯಿಂದ ಅದು ಕೆಲವೇ ಮೀಟರ್ ದೂರದಲ್ಲಿದೆ. ಇಡೀ ಪ್ರಶ್ನೆ ನಿಂತಿರುವುದು ಈ ಎರಡನೆಯ ಅಳತೆಯ ಮೇಲೆ.

ಲಹಾರ್ ಎಂದು ಭೂವಿಜ್ಞಾನದಲ್ಲಿ ಕರೆಯುವ ಈ ಪ್ರವಾಹಕ್ಕೆ ಬೇಕಾಗುವುದು ಮೂರೇ: ಸಡಿಲವಾದ ಬೂದಿ ಮತ್ತು ಕಲ್ಲುಪುಡಿ, ಕಡಿದಾದ ಇಳಿಜಾರು, ಮತ್ತು ಒಮ್ಮೆಗೇ ಸಿಗುವ ಹೇರಳ ನೀರು. ನೀರು ಮಳೆಯಿಂದ ಬರಬಹುದು, ಶಿಖರದ ಹಿಮ ಕರಗಿ ಬರಬಹುದು, ಜ್ವಾಲಾಮುಖಿಯ ಬಾಯಲ್ಲಿ ನಿಂತ ಕೆರೆ ಒಡೆದೂ ಬರಬಹುದು. ಇವು ಕೂಡಿಕೊಂಡಾಗ ಹುಟ್ಟುವುದನ್ನು ಕೆಂಪು ನೀರಿನ ನೆರೆ ಎಂದು ಯಾರೂ ಭಾವಿಸಬಾರದು. ಸ್ಲ್ಯಾಬ್ ಹಾಕುವ ದಿನ ಮಿಕ್ಸರಿನಿಂದ ಸುರಿಯುವ ಹಸಿ ಕಾಂಕ್ರೀಟ್ ಹೇಗಿರುತ್ತದೆಯೋ ಹಾಗಿರುವ ವಸ್ತು ಅದು. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಲ್ಲು, ಮರಳು ಮತ್ತು ಬೂದಿಯೇ ಇರುತ್ತದೆ. ಅದರ ಸಾಂದ್ರತೆ ನೀರಿಗಿಂತ ಬಹಳ ಹೆಚ್ಚಾದ್ದರಿಂದ ಮನೆಯಷ್ಟು ದೊಡ್ಡ ಬಂಡೆಗಳನ್ನೂ ಹೊತ್ತು ತರುತ್ತದೆ, ಸೇತುವೆಗಳನ್ನು ಕಿತ್ತೊಯ್ಯುತ್ತದೆ, ಮತ್ತು ನಿಂತ ಮೇಲೆ ಗಟ್ಟಿಯಾಗಿ, ಸಿಕ್ಕಿಬಿದ್ದವರನ್ನು ಹೊರಗೆಳೆಯುವುದನ್ನೂ ಅಸಾಧ್ಯವಾಗಿಸುತ್ತದೆ. ಕಡಿದಾದ ಕಣಿವೆಯಲ್ಲಿ ಇದರ ವೇಗ ಗಂಟೆಗೆ 50 ಕಿಲೋಮೀಟರ್ ಮೀರಬಲ್ಲದು. ಓಡಿ ತಪ್ಪಿಸಿಕೊಳ್ಳುವ ವೇಗ ಇದಲ್ಲ.

ಮಾಸ್ತರು ಶಿರೂರಿನ ಮಾತೆತ್ತಿದ್ದಾರೆ. ಅಲ್ಲಿ ಕುಸಿದ ಮಣ್ಣು ಇದ್ದ ಜಾಗದಿಂದ ಗುಡ್ಡದ ಬುಡಕ್ಕೆ, ಹೊಳೆಗೆ ಬಿದ್ದು ನಿಂತಿತು. ಲಹಾರ್ ನಿಲ್ಲುವುದಿಲ್ಲ, ಹೊಳೆಯ ಪಾತ್ರವನ್ನೇ ಹಿಡಿದು ಹತ್ತಾರು ಕಿಲೋಮೀಟರ್ ಸಾಗುತ್ತದೆ, ಮತ್ತು ಸಾಗುವಾಗ ದಡವನ್ನು, ತಳದ ಮರಳನ್ನು ಕೊರೆದು ತನ್ನೊಳಗೆ ಸೇರಿಸಿಕೊಳ್ಳುತ್ತ ಇನ್ನಷ್ಟು ದೊಡ್ಡದಾಗುತ್ತದೆ. ನಮ್ಮ ಕಡೆಯ ಘಟನೆಗಳಲ್ಲಿ ಇದಕ್ಕೆ ಹೆಚ್ಚು ಹತ್ತಿರವಾದದ್ದು ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲೆಯಲ್ಲಿ ನಡೆದದ್ದು. ಮೇಲೆ ಕುಸಿದದ್ದು ಹೊಳೆಗುಂಟ ಕಿಲೋಮೀಟರ್‌ಗಟ್ಟಲೆ ಹರಿದು ಕೆಳಗಿನ ಊರನ್ನು ಅಳಿಸಿತು. ಜ್ವಾಲಾಮುಖಿಯ ಬೆಟ್ಟದಲ್ಲಿ ಸಡಿಲ ಬೂದಿಯ ಸಂಗ್ರಹ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ, ಹಾಗೂ ಒಂದು ಮಳೆಗೆ ಅದು ಖರ್ಚಾಗಿ ಹೋಗುವುದಿಲ್ಲ.

ದೂರದ ವಿಷಯದಲ್ಲಿ ಕೊಲಂಬಿಯಾದ ಅರ್ಮೆರೋ ಪಟ್ಟಣದ ಕಥೆಯನ್ನು ಬಿಟ್ಟು ಮಾತಾಡಲಾಗದು. 1985ರ ನವೆಂಬರ್ 13ರ ರಾತ್ರಿ ಒಂಬತ್ತರ ಸುಮಾರಿಗೆ ನೆವಾಡೊ ಡೆಲ್ ರೂಯಿಜ್ ಸಿಡಿಯಿತು. ಜ್ವಾಲಾಮುಖಿಗಳ ಲೆಕ್ಕದಲ್ಲಿ ಅದು ಸಣ್ಣ ಸಿಡಿತ. ಶಿಖರದ ಹಿಮದ ಹತ್ತನೇ ಒಂದು ಪಾಲು ಮಾತ್ರ ಕರಗಿತು. ಆ ನೀರು ಬೂದಿಯೊಡನೆ ಬೆರೆತು ಕಣಿವೆಗಳಿಗಿಳಿದು, ದಾರಿಯುದ್ದಕ್ಕೂ ಹಿಗ್ಗುತ್ತ, ಸುಮಾರು ಎರಡೂವರೆ ಗಂಟೆಗಳ ನಂತರ, ಹೊಳೆಯ ದಾರಿಯಲ್ಲಿ ಲೆಕ್ಕ ಹಾಕಿದರೆ 70 ಕಿಲೋಮೀಟರ್‌ಗೂ ದೂರವಿದ್ದ ಅರ್ಮೆರೋವನ್ನು ಮುಚ್ಚಿತು. ಒಟ್ಟು ಸತ್ತವರು ಸುಮಾರು 23,000 ಮಂದಿ, ಅವರಲ್ಲಿ ಬಹುಪಾಲು ಆ ಒಂದೇ ಪಟ್ಟಣದವರು. ಲಾವಾರಸ ಅವರ ಹತ್ತಿರಕ್ಕೂ ಬಂದಿರಲಿಲ್ಲ. ಆ ಪಟ್ಟಣ ನಿಂತಿದ್ದದ್ದು 1845ರಲ್ಲಿ ಅದೇ ಬೆಟ್ಟದಿಂದ ಇಳಿದ ಕೆಸರಿನ ಹರವಿನ ಮೇಲೆಯೇ. ಅಪಾಯದ ವಲಯದಲ್ಲಿ ಅರ್ಮೆರೋವನ್ನು ಗುರುತಿಸಿದ ನಕ್ಷೆ ದುರಂತಕ್ಕೆ ಸುಮಾರು ಒಂದು ತಿಂಗಳ ಮೊದಲೇ ಸಿದ್ಧವಾಗಿತ್ತು. ಎರಡೂವರೆ ಗಂಟೆಯಲ್ಲಿ ಜನ ನಡೆದೇ ಎತ್ತರದ ನೆಲಕ್ಕೆ ತಲುಪಬಹುದಿತ್ತು. ಬಿರುಮಳೆ, ಕತ್ತಲೆ, ಕೈಕೊಟ್ಟ ವಿದ್ಯುತ್ತು, ಮತ್ತು ಗಾಬರಿಯಾಗಬೇಡಿ, ಮನೆಯಲ್ಲೇ ಇರಿ ಎಂದು ಅದೇ ಸಂಜೆ ಕೊಟ್ಟ ಭರವಸೆಗಳು ಆ ಎರಡೂವರೆ ಗಂಟೆಯನ್ನು ನುಂಗಿದವು.

ಹಾಗೆಂದು ಮೆರಾಪಿಯನ್ನು ರೂಯಿಜ್‌ಗೆ ಸಮನಾಗಿಸುವುದು ಸರಿಯಲ್ಲ. ಮೆರಾಪಿಯ ತಲೆಯ ಮೇಲೆ ಹಿಮವಿಲ್ಲ. ಅಲ್ಲಿ ನೀರು ಕೊಡುವುದು ಮಳೆ. ಹೀಗಾಗಿ ಅಲ್ಲಿನ ಲಹಾರ್‌ಗಳು ಗಾತ್ರದಲ್ಲಿ ಚಿಕ್ಕವು, ಆದರೆ ಪದೇ ಪದೇ ಬರುವಂಥವು.

ಉತ್ತರ
ಹಡಗಿನವ, ಅಂಕೋಲಾ

ಬೆಟ್ಟ ಸಿಡಿದಾಗ ಮಾತ್ರ ಬರುತ್ತದೆಯೇ ಎಂಬ ಪ್ರಶ್ನೆಗೆ ನಾನು ಕಣ್ಣಾರೆ ಕಂಡದ್ದನ್ನು ಸೇರಿಸುತ್ತೇನೆ. ಫಿಲಿಪ್ಪೀನ್ಸಿನ ಸುಬಿಕ್ ಬಂದರಿನಲ್ಲಿ ನಮ್ಮ ಹಡಗು ದುರಸ್ತಿಗೆ ನಿಂತಿದ್ದಾಗ ಜೊತೆಗಿದ್ದ ಅಲ್ಲಿನ ಕೆಲಸಗಾರರು ನಮ್ಮನ್ನು ಬಕೊಲೋರ್ ಎಂಬ ಊರಿಗೆ ಕರೆದೊಯ್ದಿದ್ದರು. ಅಲ್ಲಿನ ಸಾನ್ ಗಿಯೆರ್ಮೊ ಚರ್ಚಿನ ಗೋಡೆಗಳು 12 ಮೀಟರ್ ಎತ್ತರದವು, ಅದರಲ್ಲಿ 6 ಮೀಟರ್ ನೆಲದೊಳಗಿದೆ. ಒಳಗೆ ಹೋಗುವುದು ಹಿಂದೆ ಕಿಟಕಿಯಾಗಿದ್ದ ಜಾಗದಿಂದ.

ಪಿನಾಟುಬೊ ಜ್ವಾಲಾಮುಖಿ ಸಿಡಿದದ್ದು 1991ರ ಜೂನ್ 15ರಂದು. ಅದೇ ದಿನ ಯುನ್ಯಾ ಎಂಬ ಚಂಡಮಾರುತವೂ ಆ ಪ್ರದೇಶವನ್ನು ಹಾದುಹೋದದ್ದರಿಂದ, ಒದ್ದೆ ಬೂದಿಯ ಭಾರಕ್ಕೆ ಮನೆಗಳ ಮಾಡು ಕುಸಿದು ನೂರಾರು ಮಂದಿ ಸತ್ತರು. ಬಕೊಲೋರ್ ಬೆಟ್ಟದಿಂದ ಸುಮಾರು 35 ಕಿಲೋಮೀಟರ್ ದೂರ. ಆ ಚರ್ಚು ಹೂತುಹೋದದ್ದು 1991ರಲ್ಲಿ ಅಲ್ಲ, 1995ರ ಅಕ್ಟೋಬರಿನಲ್ಲಿ. ಬೆಟ್ಟ ತಣ್ಣಗಾಗಿ ನಾಲ್ಕು ವರ್ಷ ಕಳೆದಿತ್ತು, ಜನ ಮರಳಿ ಬಂದು ಗದ್ದೆ ಹೂಡುತ್ತಿದ್ದರು, ಅಂಗಡಿಗಳು ತೆರೆದಿದ್ದವು. ಪ್ರತಿ ಮಳೆಗಾಲವೂ ಮೇಲಿನ ಕಣಿವೆಗಳಲ್ಲಿ ಕಟ್ಟಿನಿಂತಿದ್ದ ಬೂದಿ ಒಂದಿಷ್ಟು ಇಳಿಯುತ್ತಲೇ ಇತ್ತು. ಹೊಳೆಯ ಪಾತ್ರ ತುಂಬಿ ಅದರ ತಳವೇ ಸುತ್ತಲಿನ ಗದ್ದೆಗಿಂತ ಎತ್ತರಕ್ಕೆ ಬಂದಿದ್ದರಿಂದ, ಹೊಳೆ ಯಾವ ಕಡೆಗೆ ಹೊರಳುತ್ತದೆ ಎಂಬುದನ್ನು ಯಾರಿಂದಲೂ ಊಹಿಸಲಾಗುತ್ತಿರಲಿಲ್ಲವಂತೆ. ಒಮ್ಮೆಯೂ ನೆರೆ ಕಾಣದ ಓಣಿಗೆ ಆ ವರ್ಷ ಕೆಸರು ನುಗ್ಗಿತು.

ಆದ್ದರಿಂದ ಮನೆ ಮಾಲೀಕರು ‘ಈ ಜಾಗಕ್ಕೆ ಹಿಂದೆ ಎಂದೂ ಬಂದಿಲ್ಲ’ ಎಂದು ಹೇಳಿದರೆ ಅದನ್ನು ಪೂರ್ತಿ ನಂಬಬೇಡಿ ಎಂದು ನಿಮ್ಮ ಅಳಿಯನಿಗೆ ತಿಳಿಸಿ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಹೊಳೆಯ ತಳ ಏರಿದ ಮೇಲೆ ಹಿಂದಿನ ಗುರುತುಗಳು ಕೆಲಸಕ್ಕೆ ಬರುವುದಿಲ್ಲ, ಅಷ್ಟೆ.

ಮರುಪ್ರಶ್ನೆ
ನಿವೃತ್ತ ಮಾಸ್ತರು, ಶಿರಸಿ

ಇಬ್ಬರಿಗೂ ನಾನು ಆಭಾರಿ. ಉತ್ತರಗಳನ್ನು ಅಳಿಯನಿಗೆ ಕಳುಹಿಸಿದಾಗ ಅವನು ಎತ್ತಿದ ಸಂದೇಹ ಇದು. ಅವನು ನೋಡಿರುವ ಎರಡನೆಯ ಮನೆ ನಗರದ ಉತ್ತರಕ್ಕೆ, ಶಿಖರದಿಂದ ಸುಮಾರು 22 ಕಿಲೋಮೀಟರ್ ದೂರದಲ್ಲಿದೆ. ಎಂದರೆ ಬೆಟ್ಟಕ್ಕೆ ಇನ್ನಷ್ಟು ಹತ್ತಿರ. ಆದರೆ ಅದು ಎರಡು ಹೊಳೆಗಳ ನಡುವಿನ ಏರಿನ ಮೇಲಿದ್ದು, ಎರಡೂ ಹೊಳೆಗಳು ಅಲ್ಲಿಂದ ದೂರದಲ್ಲಿ, ಬಹಳ ಕೆಳಗೆ ಹರಿಯುತ್ತವೆ. ಬೆಟ್ಟಕ್ಕೆ ಹತ್ತಿರವಾದರೂ ಆ ಮನೆಯೇ ವಾಸಿ ಎಂದು ನೀವು ಹೇಳುತ್ತೀರಾ? ಅಥವಾ ಹೊಳೆದಂಡೆಯ ಮನೆಯಲ್ಲೇ ಮೇಲಿನ ಅಂತಸ್ತನ್ನು ಬಾಡಿಗೆಗೆ ಹಿಡಿದರೆ ಸಾಕಾಗುವುದಿಲ್ಲವೇ? ಮೆರಾಪಿಯ ಹೊಳೆಗಳಿಗೆ ಸರ್ಕಾರ ತಡೆ ಅಣೆಗಳನ್ನು ಕಟ್ಟಿದೆ ಎಂದೂ ಅವನು ಹೇಳುತ್ತಾನೆ.

ಉತ್ತರ
ಕಲ್ಲುಮಣ್ಣು, ಕಾರವಾರ

ಕೆಸರು ಪ್ರವಾಹದ ಮಟ್ಟಿಗೆ ಏರಿನ ಮೇಲಿನ ಮನೆಯೇ ವಾಸಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬೆಟ್ಟಕ್ಕೆ ಹತ್ತಿರ ಹೋದಷ್ಟೂ ಬಿಸಿ ಅನಿಲ ಮತ್ತು ಬೂದಿಯ ಮೋಡಗಳ ಅಪಾಯ ಹೆಚ್ಚುತ್ತದೆ, ಅದನ್ನು ಮರೆಯಬಾರದು. 2010ರಲ್ಲಿ ಮೆರಾಪಿ ಸಿಡಿದಾಗ ಅಂಥ ಮೋಡ ಗೆಂಡೋಲ್ ಹೊಳೆಗುಂಟ ಸುಮಾರು 15 ಕಿಲೋಮೀಟರ್ ಇಳಿದು, ಆ ವರ್ಷ ಸತ್ತ 350ಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಜನ ಅದಕ್ಕೇ ಬಲಿಯಾದರು. ಆಗ ತೆರವುಗೊಳಿಸಿದ್ದು ಶಿಖರದಿಂದ 20 ಕಿಲೋಮೀಟರ್‌ವರೆಗಿನ ಪ್ರದೇಶವನ್ನು. 22 ಕಿಲೋಮೀಟರ್ ಎಂಬುದು ಅದರ ಅಂಚಿನಾಚೆಗಿದೆ. ಮತ್ತೆ ಅಂಥ ಕಾಲ ಬಂದರೆ ಮೆರಾಪಿಯ ಎಚ್ಚರಿಕೆಯ ಮಟ್ಟ ಸಾಮಾನ್ಯವಾಗಿ ದಿನಗಳ ಅಥವಾ ವಾರಗಳ ಮೊದಲೇ ಏರತೊಡಗುತ್ತದೆ. ಹೊರಡಲು ಸಮಯವಿರುತ್ತದೆ. ಲಹಾರ್‌ಗೆ ಸಿಗುವುದು ನಿಮಿಷಗಳು.

ಚೋಡೆಯ ವಿಷಯದಲ್ಲಿ ಊಹೆಯ ಅಗತ್ಯವೇ ಇಲ್ಲ. 2010ರ ಸಿಡಿತ ಮೆರಾಪಿಯ ಇಳಿಜಾರಿನಲ್ಲಿ ಹತ್ತು ಕೋಟಿ ಘನ ಮೀಟರ್‌ಗೂ ಮಿಕ್ಕಿದ ಬೂದಿ ಮತ್ತು ಕಲ್ಲನ್ನು ಬಿಟ್ಟುಹೋಯಿತು. ಅದೇ ಮಳೆಗಾಲದಲ್ಲಿ ಅದರ ಒಂದು ಪಾಲು ಬೊಯೊಂಗ್ ದಾರಿಯಾಗಿ ಚೋಡೆಗೆ ಇಳಿದು, ಹೊಳೆಯ ತಳವನ್ನು ಏರಿಸಿ, ನಗರದ ನಟ್ಟನಡುವಿನ ದಂಡೆಯ ಓಣಿಗಳಿಗೆ ನುಗ್ಗಿತ್ತು. ಪಶ್ಚಿಮದಲ್ಲಿ ಪುತಿಹ್ ಹೊಳೆಯ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. 2011ರ ಜನವರಿಯಲ್ಲಿ ಅದು ದಾರಿ ಬದಲಿಸಿ, ಯೋಗ್ಯಕಾರ್ತಾದಿಂದ ಮಾಗೆಲಾಂಗ್‌ಗೆ ಹೋಗುವ ಹೆದ್ದಾರಿಯನ್ನೇ ಮುಚ್ಚಿತ್ತು.

ಮೇಲಿನ ಅಂತಸ್ತು ನೀರಿನ ನೆರೆಗೆ ಸರಿ. ಬಂಡೆಗಳನ್ನು ಹೊತ್ತ ಪ್ರವಾಹ ಕೆಳಗಿನ ಗೋಡೆಗಳಿಗೆ ಅಪ್ಪಳಿಸಿದರೆ ಮೇಲಿನ ಅಂತಸ್ತು ಯಾವುದರ ಮೇಲೆ ನಿಲ್ಲಬೇಕು?

ತಡೆ ಅಣೆಗಳ ಬಗ್ಗೆ ಅಳಿಯ ಹೇಳಿದ್ದು ನಿಜ. ಜಪಾನಿನ ತಾಂತ್ರಿಕ ನೆರವಿನಿಂದ ಮೆರಾಪಿಯ ಹೊಳೆಗಳಿಗೆ ಸಾಬೊ ಎಂಬ ಇನ್ನೂರಕ್ಕೂ ಹೆಚ್ಚು ತಡೆಗಳನ್ನು ಕಟ್ಟಿದ್ದಾರೆ. ಅವು ಕೆಸರಿನ ವೇಗವನ್ನು ಮುರಿದು, ದಪ್ಪ ಕಲ್ಲುಗಳನ್ನು ಹಿಡಿದಿಡುತ್ತವೆ. ಆದರೆ ಹಿಂಬದಿ ತುಂಬಿದ ಅಣೆಯಿಂದ ಅರೆಪ್ರಯೋಜನ ಮಾತ್ರ, ಮತ್ತು 2010ರ ನಂತರದ ಪ್ರವಾಹಗಳಲ್ಲಿ ಹಲವು ತಡೆಗಳು ಹಾನಿಗೊಂಡವು. ಅಣೆಯ ಹಿಂದಿನ ಮರಳನ್ನು ತೆಗೆದು ಜಾಗ ಮಾಡಿಕೊಡುವವರು ಮರಳು ತೆಗೆಯುವ ಕೂಲಿಗಳೇ. ಕಾಳಿ, ಶರಾವತಿ ದಂಡೆಯ ನಮಗೆ ಈ ಉದ್ಯೋಗ ಹೊಸದಲ್ಲ. ವ್ಯತ್ಯಾಸವೆಂದರೆ, ಮೇಲೆ ಮೆರಾಪಿಯ ನೆತ್ತಿಯಲ್ಲಿ ಮಳೆ ಹೊಯ್ಯುತ್ತಿರುವಾಗ ಕೆಳಗೆ ಬಿಸಿಲಿರಬಹುದು, ಒಣಗಿದ ಹೊಳೆಯ ನಡುವೆ ಲಾರಿ ತುಂಬುತ್ತಿರುವವರ ಮೇಲೆ ಪ್ರವಾಹ ಎರಗುತ್ತದೆ. ಅಲ್ಲಿ ಲಹಾರ್‌ಗೆ ಮೊದಲು ಸಿಕ್ಕುವವರು ಬಹಳ ಸಲ ಇವರೇ.

ಉತ್ತರ
ಭೂಗೋಳದ ಉಪನ್ಯಾಸಕಿ, ಕುಮಟಾ

ಮಳೆಯೂ ಇಲ್ಲದೆ, ಸಿಡಿತವೂ ಇಲ್ಲದೆ ಲಹಾರ್ ಬರುವುದುಂಟು ಎಂಬುದನ್ನು ಇಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ. 1953ರ ಡಿಸೆಂಬರ್ 24ರ ರಾತ್ರಿ ನ್ಯೂಜಿಲೆಂಡಿನ ರುಆಪೆಹು ಪರ್ವತದ ಬಾಯಲ್ಲಿದ್ದ ಕೆರೆಯ ಅಂಚು ಕುಸಿದು, ಹೊರಬಿದ್ದ ನೀರು ಕೆಸರಾಗಿ ಹೊಳೆಗುಂಟ ಇಳಿದು, ತಾಂಗಿವೈ ಎಂಬಲ್ಲಿ ರೈಲ್ವೆ ಸೇತುವೆಯ ಕಂಬಗಳನ್ನು ಕಿತ್ತಿತು. ಸ್ವಲ್ಪ ಹೊತ್ತಿನಲ್ಲಿ ಬಂದ ರೈಲು ಹೊಳೆಗೆ ಬಿದ್ದು 151 ಮಂದಿ ಸತ್ತರು. ಆ ಕೆರೆ ಮತ್ತೆ ತುಂಬಿ 2007ರ ಮಾರ್ಚ್ 18ರಂದು ಮತ್ತೊಮ್ಮೆ ಒಡೆದಾಗ ಒಬ್ಬರೂ ಸಾಯಲಿಲ್ಲ. ಈ ನಡುವೆ ಅವರು ಮೇಲೆ ಸಂವೇದಕಗಳನ್ನು ಇಟ್ಟಿದ್ದರು; ಪ್ರವಾಹ ಹೊರಟೊಡನೆ ಸಂದೇಶ ತಲುಪಿ ರಸ್ತೆ ಮತ್ತು ರೈಲು ನಿಂತವು. ಅದೇ ಬೆಟ್ಟ, ಅದೇ ಹೊಳೆ.

ಹೀಗೆ ಎಚ್ಚರಿಸುವ ಉಪಕರಣ ಅಂಥ ನಿಗೂಢವೇನಲ್ಲ. ಕಲ್ಲು ಕೆಸರು ಉರುಳುವಾಗ ನೆಲದಲ್ಲಿ ಹುಟ್ಟುವ ಕಂಪನವನ್ನು ಕಣಿವೆಯ ಅಂಚಿನಲ್ಲಿ ಹುಗಿದ ಸಂವೇದಕ ಗುರುತಿಸಿ ರೇಡಿಯೊ ಮೂಲಕ ಕೆಳಗೆ ತಿಳಿಸುತ್ತದೆ. ಅಮೆರಿಕದ ಮೌಂಟ್ ರೇನಿಯರ್ ಸುತ್ತ ಇಂಥ ವ್ಯವಸ್ಥೆ 1998ರಿಂದ ಇದೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಉಪಕರಣಕ್ಕಿಂತ ಅಲ್ಲಿನ ಶಾಲೆಗಳ ಅಭ್ಯಾಸ: ಸುಮಾರು 500 ವರ್ಷಗಳ ಹಿಂದೆ ಇಳಿದ ಕೆಸರಿನ ಮೇಲೆ ನಿಂತಿರುವ ಓರ್ಟಿಂಗ್ ಪಟ್ಟಣದ ಮಕ್ಕಳು ಸೈರನ್ ಕೂಗಿದೊಡನೆ ಸಾಲಾಗಿ ಎತ್ತರದ ಜಾಗಕ್ಕೆ ನಡೆದು ಹೋಗುವುದನ್ನು ರೂಢಿ ಮಾಡಿಕೊಂಡಿದ್ದಾರೆ. 2024ರ ಮಾರ್ಚ್‌ನಲ್ಲಿ ಆ ಸುತ್ತಿನ ಶಾಲೆಗಳ ಸುಮಾರು 45,000 ಮಕ್ಕಳು ಒಂದೇ ದಿನ ಇಂಥ ತಾಲೀಮಿನಲ್ಲಿ ಪಾಲ್ಗೊಂಡರು. ಅವರಿಗೆ ಹೇಳಿಕೊಡುವುದು ನಡೆಯಲು, ವಾಹನ ಹತ್ತಲು ಅಲ್ಲ. ಕಿರಿದಾದ ರಸ್ತೆಯಲ್ಲಿ ಎಲ್ಲರೂ ಕಾರು ತೆಗೆದರೆ ಯಾರೂ ಮುಂದೆ ಸಾಗುವುದಿಲ್ಲ.

ಕಾರವಾರದವರು ಅಣೆಗಳ ಬಗ್ಗೆ ಬರೆದದ್ದಕ್ಕೆ ನನ್ನ ಒಂದು ತಕರಾರಿದೆ. ಕೆಲವೆಡೆ ಕಟ್ಟಡಕಾರ್ಯವೇ ಜೀವ ಉಳಿಸಿದೆ. ಜಾವಾದ ಕೆಲುದ್ ಬೆಟ್ಟದ ಕೆರೆ 1919ರಲ್ಲಿ ಸಿಡಿತದೊಡನೆ ಹೊರಚಿಮ್ಮಿ ಐದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡಿತು. ಆಮೇಲೆ ಅಲ್ಲಿ ಸುರಂಗಗಳನ್ನು ಕೊರೆದು ಕೆರೆಯ ನೀರನ್ನು ಬಹುಪಾಲು ಹೊರಹರಿಸಿದರು. ಸೈರನ್ನಿಗೆ ಕಾಯುವುದಕ್ಕಿಂತ ನೀರನ್ನೇ ಇಲ್ಲವಾಗಿಸುವುದು ಮೇಲು, ಸಾಧ್ಯವಿದ್ದಲ್ಲಿ. ಮೆರಾಪಿಗೆ ಅದು ಸಾಧ್ಯವಿಲ್ಲ, ಏಕೆಂದರೆ ಮಳೆಗೆ ಯಾರೂ ಸುರಂಗ ಕೊರೆಯಲಾರರು.

ಇನ್ನೊಂದು ಮಾತು. ಸುದ್ದಿ ಓದುವಾಗ ಜಾವಾದ ಮೆರಾಪಿ ಮತ್ತು ಸುಮಾತ್ರಾದ ಮರಾಪಿಯನ್ನು ಬೇರ್ಪಡಿಸಿ ಓದಿರಿ. 2024ರ ಮೇ 11ರ ರಾತ್ರಿ ಮಳೆಗೆ ಕೆಸರು ಇಳಿದು 60ಕ್ಕೂ ಹೆಚ್ಚು ಮಂದಿ ಸತ್ತದ್ದು ಸುಮಾತ್ರಾದ ಬೆಟ್ಟದಲ್ಲಿ.

ಮರುಪ್ರಶ್ನೆ
ನಿವೃತ್ತ ಮಾಸ್ತರು, ಶಿರಸಿ

ಅಳಿಯ ಏರಿನ ಮೇಲಿನ ಮನೆಗೇ ಮುಂಗಡ ಕೊಡಲು ಒಪ್ಪಿದ್ದಾನೆ. ಆದರೂ ದಿನಾಲೂ ವಿಶ್ವವಿದ್ಯಾಲಯಕ್ಕೆ ಹೋಗುವಾಗ ಸೇತುವೆ ದಾಟಲೇಬೇಕಾಗುತ್ತದೆ, ಮಗುವನ್ನು ಬಿಡುವ ಶಿಶುವಿಹಾರವೂ ಹೊಳೆಯ ಆಚೆ ದಡದಲ್ಲಿದೆ. ಮಳೆಗಾಲದಲ್ಲಿ ಅವನು ಪ್ರತ್ಯೇಕವಾಗಿ ಗಮನಿಸಬೇಕಾದದ್ದು ಏನಾದರೂ ಇದೆಯೇ?

ಉತ್ತರ
ಕಲ್ಲುಮಣ್ಣು, ಕಾರವಾರ

ಉಪನ್ಯಾಸಕಿಯವರ ತಕರಾರು ನ್ಯಾಯವಾದದ್ದು, ಒಪ್ಪುತ್ತೇನೆ.

ಅಲ್ಲಿನ ಮಳೆಗಾಲ ನಮ್ಮದಕ್ಕೆ ತದ್ವಿರುದ್ಧ. ಸುಮಾರಾಗಿ ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ, ಅದೂ ಹೆಚ್ಚಾಗಿ ಮಧ್ಯಾಹ್ನದ ನಂತರ. ನಗರದಲ್ಲಿ ಮಳೆ ಇದೆಯೇ ಇಲ್ಲವೇ ಎಂಬುದಕ್ಕಿಂತ ಬೆಟ್ಟದ ನೆತ್ತಿಯಲ್ಲಿ ಎಷ್ಟು ಹೊಯ್ಯುತ್ತಿದೆ ಎಂಬುದು ಮುಖ್ಯ. ಮೆರಾಪಿಯ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆಯಾದ ಬಿಪಿಪಿಟಿಕೆಜಿಯ ಕಚೇರಿ ಯೋಗ್ಯಕಾರ್ತಾದಲ್ಲೇ ಇದ್ದು, ಬೆಟ್ಟದ ಸ್ಥಿತಿಯ ಪ್ರಕಟಣೆಗಳನ್ನು ನಿಯಮಿತವಾಗಿ ಹೊರಡಿಸುತ್ತದೆ. ಭಾಷೆ ಬರುವವರೆಗೆ ನೆರೆಮನೆಯವರನ್ನೋ ಸಹಪಾಠಿಗಳನ್ನೋ ಕೇಳಿ ಅದನ್ನು ತಿಳಿದುಕೊಳ್ಳುವ ಏರ್ಪಾಡನ್ನು ಮೊದಲ ವಾರದಲ್ಲೇ ಮಾಡಿಕೊಳ್ಳಲಿ. ಬೆಟ್ಟ ಈಚೆಗೆ ಬೂದಿ ಉಗುಳಿದ್ದರೆ ಆ ವರ್ಷದ ಮತ್ತು ಮುಂದಿನ ಎರಡು ಮೂರು ವರ್ಷಗಳ ಮಳೆಗಾಲದಲ್ಲಿ ಜಾಗ್ರತೆ ಹೆಚ್ಚಿರಬೇಕು; ಬಹುಕಾಲ ಶಾಂತವಾಗಿದ್ದರೆ ಇಳಿಜಾರಿನಲ್ಲಿ ಹುಲ್ಲು ಗಿಡ ಹಬ್ಬಿ, ಸಡಿಲ ಬೂದಿ ಕಡಿಮೆಯಾಗಿ, ಅಪಾಯವೂ ತಗ್ಗುತ್ತದೆ.

ಶಿಶುವಿಹಾರದವರನ್ನು ಒಂದೇ ಪ್ರಶ್ನೆ ಕೇಳಲಿ: ಎಚ್ಚರಿಕೆ ಬಂದರೆ ಮಕ್ಕಳನ್ನು ಎಲ್ಲಿಗೆ ನಡೆಸಿಕೊಂಡು ಹೋಗುತ್ತೀರಿ? ಅದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆ ಶಿಶುವಿಹಾರ ನೋಡಲಿ. ಉತ್ತರ ಸಿಕ್ಕರೆ, ಅಂಥ ದಿನ ಮಗುವನ್ನು ಕರೆತರಲು ಅವನು ಸೇತುವೆ ದಾಟಿ ಓಡಬಾರದು. ಮಗು ಎತ್ತರದ ಜಾಗದಲ್ಲಿರುತ್ತದೆ, ಅಪಾಯಕ್ಕೆ ಸಿಲುಕುವವನು ಸೇತುವೆಯ ಮೇಲಿರುವ ತಂದೆ.

ಸೇತುವೆಯ ಬಳಿ ನೀರಿನ ಬಣ್ಣ ಒಮ್ಮೆಲೆ ಬೂದುಗಪ್ಪಾದರೆ, ಕಲ್ಲುಗಳು ಉರುಳುವ ಗುಡುಗಿನಂಥ ಸದ್ದು ಮೇಲ್ಗಡೆಯಿಂದ ಕೇಳಿದರೆ, ಅಥವಾ ಮಳೆ ಸುರಿಯುತ್ತಿದ್ದರೂ ಹೊಳೆಯ ನೀರು ದಿಢೀರನೆ ಇಳಿದರೆ, ನೋಡುತ್ತ ನಿಲ್ಲದೆ ಹೊಳೆಗೆ ಅಡ್ಡವಾಗಿ, ಏರಿನ ಕಡೆಗೆ ಸರಿಯಬೇಕು. ಹೊಳೆಗುಂಟ ಕೆಳಕ್ಕೆ ಓಡಬಾರದು. ಲಹಾರ್ ಸಾಮಾನ್ಯವಾಗಿ ಒಂದೇ ಅಲೆಯಾಗಿ ಬರುವುದಿಲ್ಲ. ಮೊದಲನೆಯದು ಹೋಗಿ ಅರ್ಧ ಗಂಟೆಯ ಮೇಲೆ ಅದಕ್ಕಿಂತ ದೊಡ್ಡದು ಬರಬಹುದು. ಮೊದಲ ಅಲೆ ಇಳಿದದ್ದನ್ನು ಕಂಡು ಸ್ಕೂಟರ್ ತರಲು, ಫೋಟೊ ತೆಗೆಯಲು ದಂಡೆಗೆ ಇಳಿಯುವವರು ಎಲ್ಲ ಕಡೆಯೂ ಇರುತ್ತಾರೆ. ಅಧಿಕಾರಿಗಳು ಹೊಳೆಯ ಪಕ್ಕದ ರಸ್ತೆಯನ್ನು ಮತ್ತೆ ತೆರೆಯುವವರೆಗೆ ಅವನು ಏರಿನ ಮೇಲೆಯೇ ಇರಲಿ.